ಸ್ಲೋ ಕುಕ್ಕರಿನಲ್ಲಿ ರಷ್ಯದ ಗ್ರೆಚ್ಕಾ: ಮಾಂಸಕ್ಕೆ ಪೂರ್ಣ ಅಂಕ, ಕಾಳಿಗೆ ಅರ್ಧ

ಮೂರೂವರೆ ಲೀಟರಿನ ಪಿಂಗಾಣಿ ಪಾತ್ರೆ, ಗಾಜಿನ ಮುಚ್ಚಳ, ‘ಲೋ’, ‘ಹೈ’, ‘ವಾರ್ಮ್’ ಎಂಬ ಮೂರೇ ಗುರುತುಗಳಿರುವ ಒಂದು ತಿರುಗಣೆ: ಈ ವಿಮರ್ಶೆಗೆ ಆಯ್ದುಕೊಂಡ ಸ್ಲೋ ಕುಕ್ಕರ್, ಅಂದರೆ ಕಡಿಮೆ ಕಾವಿನಲ್ಲಿ ಗಂಟೆಗಟ್ಟಲೆ ಬೇಯಿಸುವ ವಿದ್ಯುತ್ ಪಾತ್ರೆ, ಇಷ್ಟು ಸಾಧಾರಣವಾದದ್ದು. ಎಲ್ಲವನ್ನೂ ಒಟ್ಟಿಗೆ ತುಂಬಿ ಮುಚ್ಚಳ ಹಾಕಿ ಮರೆತುಬಿಡಬಹುದು ಎಂಬುದು ಇಂಥ ಉಪಕರಣಗಳನ್ನು ಮಾರುವವರ ಮುಖ್ಯ ಭರವಸೆ. ಆ ಭರವಸೆಯನ್ನು ಒರೆಗೆ ಹಚ್ಚಲು ರಷ್ಯದ ‘ಗ್ರೆಚ್ಕಾ ಪೊ-ಕುಪೆಚೆಸ್ಕಿ’, ಅಂದರೆ ವರ್ತಕರ ಮನೆಯ ರೀತಿಯ ಬಕ್‌ವೀಟ್ ಎಂಬ ಕಾಳಿನ ಅಡುಗೆಗಿಂತ ತಕ್ಕದ್ದು ಸಿಗುವುದು ಕಷ್ಟ. ಇದರಲ್ಲಿ ಗಂಟೆಗಟ್ಟಲೆ ಬೇಯಬೇಕಾದ ಮಾಂಸವೂ ಇದೆ, ಒಲೆಯ ಮೇಲೆ ಇಪ್ಪತ್ತು ನಿಮಿಷದಲ್ಲಿ ಬೆಂದುಹೋಗುವ ಕಾಳೂ ಇದೆ.

ಅಡುಗೆಯ ಸಾಮಗ್ರಿ ಸರಳ. ಹಂದಿಯ ಅಥವಾ ದನದ ಭುಜದ ಮಾಂಸ, ಈರುಳ್ಳಿ, ಗಜ್ಜರಿ, ಒಂದು ಚಮಚ ಟೊಮೆಟೊ ಪೇಸ್ಟ್, ಕಾಳುಮೆಣಸು, ಬೇ ಎಲೆ, ಹುರಿದ ಕಂದುಬಣ್ಣದ ಬಕ್‌ವೀಟ್. ರಷ್ಯದಲ್ಲಿ ಅತಿ ಹೆಚ್ಚು ಬಕ್‌ವೀಟ್ ಬೆಳೆಯುವುದು ಆಲ್ಟಾಯ್ ಪ್ರಾಂತದಲ್ಲಿ. ಅಂಗಡಿಗೆ ಬರುವ ಇಡಿಗಾಳನ್ನು ‘ಯಾದ್ರಿತ್ಸಾ’ ಎಂದೂ ನುಚ್ಚನ್ನು ‘ಪ್ರೊದೆಲ್’ ಎಂದೂ ಕರೆಯುತ್ತಾರೆ. ಈ ಅಡುಗೆಗೆ ಬೇಕಾದದ್ದು ಯಾದ್ರಿತ್ಸಾ ಮಾತ್ರ. ಸಸ್ಯಶಾಸ್ತ್ರದ ಪ್ರಕಾರ ಬಕ್‌ವೀಟ್ ಗೋಧಿಯ ಬಳಗಕ್ಕೆ ಸೇರಿದ್ದಲ್ಲ, ಹುಲ್ಲಿನ ಜಾತಿಯದೂ ಅಲ್ಲ; ಅದರಲ್ಲಿ ಗ್ಲುಟೆನ್ ಇಲ್ಲದಿರುವುದರಿಂದ ಗೋಧಿ ಒಗ್ಗದವರೂ ಇದನ್ನು ಉಣ್ಣಬಹುದು. ಮಾಡಿದ ಅಡುಗೆ ಮಧ್ಯ ಏಷ್ಯಾದ ಪ್ಲೋವ್‌ ಎಂಬ ಮಾಂಸದ ಅನ್ನದಂತೆ ಉದುರುದುರಾಗಿರಬೇಕು. ಕಾಳು ಕಾಳಾಗಿಯೇ ಉಳಿದು ಒಳಗೆಲ್ಲ ಮಾಂಸದ ರಸ ಹೀರಿರಬೇಕು. ಗಂಜಿಯಾದರೆ ಅದು ಬೇರೆ ಅಡುಗೆ.

ಮೇಲುನೋಟಕ್ಕೆ ಈ ಉಪಕರಣಕ್ಕೂ ರಷ್ಯದ ಅಡುಗೆಗೂ ಹಳೆಯ ನಂಟಿರುವಂತೆ ಕಾಣುತ್ತದೆ. ರಷ್ಯದ ಹಳ್ಳಿಮನೆಯ ದೊಡ್ಡ ಇಟ್ಟಿಗೆಯ ಒಲೆಯಲ್ಲಿ ಸೌದೆ ಉರಿದು ಕೆಂಡವಾದ ಮೇಲೆ ಮಡಕೆಯನ್ನೋ ಎರಕದ ಕಬ್ಬಿಣದ ಪಾತ್ರೆಯನ್ನೋ ಒಳಗೆ ತಳ್ಳಿ, ಬಾಯಿ ಮುಚ್ಚಿ, ಇಳಿಯುವ ಕಾವಿನಲ್ಲಿ ಗಂಟೆಗಟ್ಟಲೆ ಬಿಡುತ್ತಿದ್ದರು. 1940ರಲ್ಲಿ ಅಮೆರಿಕದಲ್ಲಿ ಸ್ಲೋ ಕುಕ್ಕರಿಗೆ ಪೇಟೆಂಟ್ ಪಡೆದ ಇರ್ವಿಂಗ್ ನ್ಯಾಕ್ಸನ್‌ಗೆ ಆ ಯೋಚನೆ ಹೊಳೆದದ್ದೂ ಲಿಥುವೇನಿಯಾದಿಂದ ಬಂದ ತಾಯಿ ಹೇಳುತ್ತಿದ್ದ ಸಂಗತಿಯಿಂದ. ಅಲ್ಲಿನ ಯೆಹೂದಿಯರು ಸಬ್ಬತ್ತಿನ, ಅಂದರೆ ಕೆಲಸ ಮಾಡದ ವಾರದ ವಿಶ್ರಾಂತಿ ದಿನದ, ಹಿಂದಿನ ಸಂಜೆ ಚೋಲೆಂಟ್ ಎಂಬ ಅಡುಗೆಯ ಮಡಕೆಯನ್ನು ಬೇಕರಿಯ ಒಲೆಯಲ್ಲಿ ಇರಿಸಿ, ರಾತ್ರಿಯಿಡೀ ಉಳಿದ ಶಾಖದಲ್ಲೇ ಬೇಯಲು ಬಿಡುತ್ತಿದ್ದರಂತೆ. ಅದೇ ಯಂತ್ರ 1971ರಲ್ಲಿ ರೈವಲ್ ಕಂಪನಿಯ ಮೂಲಕ ‘ಕ್ರಾಕ್-ಪಾಟ್’ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು.

ಆದರೆ ಒಲೆಯ ಕಾವು ಜೋರಾಗಿ ಶುರುವಾಗಿ ಕ್ರಮೇಣ ಇಳಿಯುತ್ತದೆ, ಸ್ಲೋ ಕುಕ್ಕರಿನ ಕಾವು ತಣ್ಣಗೆ ಶುರುವಾಗಿ ಮೆಲ್ಲಗೆ ಏರುತ್ತದೆ. ಸುಮಾರು 200 ವಾಟ್‌ನ ತಂತಿ ದಪ್ಪ ಪಿಂಗಾಣಿಯನ್ನು ಬಿಸಿಮಾಡಿ, ಅದರ ಮೂಲಕ ಒಳಗಿನ ನೀರು ಕುದಿಯ ಹತ್ತಿರಕ್ಕೆ ಬರಲು ಗಂಟೆಗಳೇ ಹಿಡಿಯುತ್ತವೆ. ಮಾಂಸಕ್ಕೆ ಈ ನಿಧಾನದಿಂದ ಲಾಭವೇ. ಭುಜದ ಮಾಂಸದಲ್ಲಿ ಹೆಣೆದುಕೊಂಡಿರುವ ಗಟ್ಟಿ ಅಂಗಾಂಶ ಬಹುಹೊತ್ತಿನ ಹದವಾದ ಶಾಖದಲ್ಲಿ ಕರಗಿ ಜೆಲಟಿನ್ ಆಗುತ್ತದೆ, ರಸಕ್ಕೆ ಮೈ ಬರುತ್ತದೆ. ಕಾಳಿಗೆ ಮಾತ್ರ ಇದು ಶಿಕ್ಷೆ. ಬಿಸಿಯ ಪೆಟ್ಟು ಬೀಳುವ ಮೊದಲೇ ಉಗುರುಬೆಚ್ಚಗಿನ ನೀರಿನಲ್ಲಿ ನೆನೆದು, ಉಬ್ಬಿ, ಹಿಟ್ಟು ಬಿಟ್ಟುಕೊಳ್ಳುತ್ತದೆ. ಎಲ್ಲವನ್ನೂ ಬೆಳಿಗ್ಗೆಯೇ ತುಂಬಿ ‘ಲೋ’ ಗುರುತಿನಲ್ಲಿ ಎಂಟು ಗಂಟೆ ಬಿಟ್ಟರೆ ಸಂಜೆಗೆ ಸಿಗುವುದು ನಡುವೆ ಅಂಟುಮುದ್ದೆ, ಅಂಚಿನಲ್ಲಿ ಒಣಗಿ ಹತ್ತಿಕೊಂಡ ಕಂದು ಪಟ್ಟಿ. ರುಚಿ ಕೆಟ್ಟಿರುವುದಿಲ್ಲ ಎಂಬುದನ್ನೂ ಹೇಳಬೇಕು. ರಷ್ಯನ್ನರ ಗಾದೆಯ ಪ್ರಕಾರ ಬಕ್‌ವೀಟ್ ಕಾಶಾ (ಬೇಯಿಸಿದ ಕಾಳಿನ ಅಡುಗೆ) ತನ್ನನ್ನು ತಾನೇ ಹೊಗಳಿಕೊಳ್ಳುತ್ತದೆ. ಈ ಮುದ್ದೆ ಮಾತ್ರ ಹಾಗೆ ಹೊಗಳಿಕೊಳ್ಳಲು ತುಸು ನಾಚಬೇಕು.

ಆದ್ದರಿಂದ ಎರಡು ಹಂತದಲ್ಲಿ ತುಂಬುವುದೊಂದೇ ದಾರಿ. ಅರ್ಧ ಕಿಲೋ ಮಾಂಸವನ್ನು ಎರಡು ಮೂರು ಸೆಂಟಿಮೀಟರಿನ ತುಂಡುಗಳಾಗಿ ಕತ್ತರಿಸಿ, ಬಾಣಲೆಯಲ್ಲಿ ಎಲ್ಲ ಬದಿಯೂ ಕೆಂಪಗಾಗುವಂತೆ ಹುರಿದು, ಅದೇ ಕೊಬ್ಬಿನಲ್ಲಿ ಈರುಳ್ಳಿ, ಗಜ್ಜರಿ, ಟೊಮೆಟೊ ಪೇಸ್ಟನ್ನು ಬಾಡಿಸಿ, ಒಂದು ಸಣ್ಣ ಲೋಟ ನೀರಿನೊಡನೆ ‘ಲೋ’ದಲ್ಲಿ ಆರು ಗಂಟೆ ಬೇಯಿಸಬೇಕು. ಬಳಿಕ 300 ಗ್ರಾಂ ಯಾದ್ರಿತ್ಸಾವನ್ನು ಒಣ ಬಾಣಲೆಯಲ್ಲಿ ಘಮ ಬರುವವರೆಗೆ ಬೆಚ್ಚಗೆ ಮಾಡಿ ಸುರಿದು, ಕುದಿಯುವ ನೀರನ್ನೇ ಸೇರಿಸಿ, ‘ಹೈ’ಗೆ ತಿರುಗಿಸಬೇಕು. ತಣ್ಣೀರು ಹಾಕಿದರೆ ಇಷ್ಟು ಹೊತ್ತಿನ ಶ್ರಮ ವ್ಯರ್ಥ. ಒಲೆಯ ಮೇಲೆ ಒಂದು ಅಳತೆ ಕಾಳಿಗೆ ಎರಡು ಅಳತೆ ನೀರು ವಾಡಿಕೆಯಾದರೂ, ಇಲ್ಲಿ ಆವಿ ಹೊರಹೋಗುವುದು ಅತ್ಯಲ್ಪವಾದ್ದರಿಂದ, ಪಾತ್ರೆಯಲ್ಲಿ ಆಗಲೇ ಇರುವ ರಸವನ್ನೂ ಲೆಕ್ಕಕ್ಕೆ ಹಿಡಿದು ಒಟ್ಟು ಒಂದೂವರೆ ಅಳತೆ ಸಾಕು. ಮುಕ್ಕಾಲು ಗಂಟೆಯಿಂದ ಒಂದು ಗಂಟೆಯೊಳಗೆ ನೀರು ಹೀರಿಕೊಳ್ಳುತ್ತದೆ. ಆಮೇಲೆ ಸ್ವಿಚ್ ಆರಿಸಿ ಮುಚ್ಚಳ ಹಾಕಿಯೇ ಅರ್ಧ ಗಂಟೆ ಬಿಟ್ಟರೆ, ದಪ್ಪ ಪಿಂಗಾಣಿ ಕಾವನ್ನು ಹಿಡಿದಿಟ್ಟುಕೊಂಡು ಮೆಲ್ಲಗೆ ಬಿಡುತ್ತದೆ. ಇಟ್ಟಿಗೆಯ ಒಲೆಯ ಗುಣ ಈ ಯಂತ್ರಕ್ಕೆ ಬರುವುದು ವಿದ್ಯುತ್ತು ನಿಂತ ಮೇಲೆಯೇ. ಕೊನೆಗೆ ಬೆಣ್ಣೆ, ಸಬ್ಬಸಿಗೆ ಸೊಪ್ಪು, ಪಕ್ಕದಲ್ಲಿ ಉಪ್ಪುನೀರಿನ ಸೌತೆಕಾಯಿ. ಹೀಗೆ ಮಾಡಿದಾಗ ಮಾಂಸ ಚಮಚದ ತುದಿಗೆ ಬಿಡಿಸಿಕೊಳ್ಳುವಷ್ಟು ಮೆದುವಾಗಿಯೂ ಕಾಳು ಬಿಡಿಬಿಡಿಯಾಗಿಯೂ ಇರುತ್ತದೆ. ಒಲೆಯ ಮೇಲಿನ ಪಾತ್ರೆಯಲ್ಲಿ ಇವೆರಡನ್ನೂ ಒಟ್ಟಿಗೆ ಸಾಧಿಸುವುದಕ್ಕೆ ಬಹಳ ಕಾವಲು ಬೇಕು.

ಮಾಂಸ ಬಿಟ್ಟವರು ನೆನೆಸಿದ ಒಣ ಅಣಬೆ ಮತ್ತು ಈರುಳ್ಳಿಯಿಂದ, ಬೆಣ್ಣೆಯ ಬದಲು ಎಣ್ಣೆ ಹಾಕಿ, ಇದನ್ನು ಮಾಡಬಹುದು. ರಷ್ಯದಲ್ಲಿ ಉಪವಾಸದ ದಿನಗಳ ಅಡುಗೆಯೇ ಅದು. ಆದರೆ ಅದಕ್ಕೆ ಸ್ಲೋ ಕುಕ್ಕರಿನ ಅಗತ್ಯವೇ ಕಾಣುವುದಿಲ್ಲ.

ಈಗ ಉಪಕರಣದ ಕೊರತೆಗಳು. ಪಿಂಗಾಣಿ ಪಾತ್ರೆಯನ್ನು ಉರಿಯ ಮೇಲೆ ಇಡುವಂತಿಲ್ಲ; ಹೀಗಾಗಿ ಹುರಿಯಲು ಬಾಣಲೆ ಬೇರೆ ಬೇಕು, ತೊಳೆಯುವ ಪಾತ್ರೆ ಎರಡಾಗುತ್ತವೆ. ಗಾಜಿನ ಮುಚ್ಚಳದಲ್ಲಿ ಕಟ್ಟಿದ ಹನಿಗಳು ಕಾಳಿನ ಮೇಲೆ ಉದುರಿ ಮೇಲ್ಪದರವನ್ನು ಒದ್ದೆ ಮಾಡುತ್ತವೆ. ಸ್ವಿಚ್ ಆರಿಸಿದ ಮೇಲೆ ಮುಚ್ಚಳದಡಿ ಒಂದು ಶುಭ್ರ ಬಟ್ಟೆ ಹಾಸಿದರೆ ಅದು ತಪ್ಪುತ್ತದೆ. ಟೈಮರ್ ಇಲ್ಲದಿರುವುದು ಎಲ್ಲಕ್ಕಿಂತ ದೊಡ್ಡ ದೋಷ, ಏಕೆಂದರೆ ಈ ಅಡುಗೆ ಕೊನೆಯ ಒಂದು ಗಂಟೆಯಲ್ಲಿ ಗೆಲ್ಲುತ್ತದೆ ಇಲ್ಲವೇ ಸೋಲುತ್ತದೆ.

ರಷ್ಯದ ಅಡುಗೆಮನೆಗಳಲ್ಲಿ ಹೆಚ್ಚಾಗಿ ಕಾಣುವುದು ಸ್ಲೋ ಕುಕ್ಕರ್ ಅಲ್ಲ, ಮಲ್ಟಿವಾರ್ಕಾ ಎಂಬ ಬಹೂಪಯೋಗಿ ವಿದ್ಯುತ್ ಕುಕ್ಕರ್. ಅದು ತಳದಿಂದ ಬಲವಾಗಿ ಕಾಯುತ್ತದೆ, ಅದೇ ಪಾತ್ರೆಯಲ್ಲಿ ಹುರಿಯಲೂ ಬಿಡುತ್ತದೆ, ಧಾನ್ಯದ ಗುರುತಿಗೆ ಇಟ್ಟರೆ ನೀರು ಇಂಗಿ ತಳದ ಶಾಖ ಏರಿದ್ದನ್ನು ಗುರುತಿಸಿ ತಾನೇ ನಿಲ್ಲುತ್ತದೆ. ಕಾಳಿನ ವಿಷಯದಲ್ಲಿ ಅದೇ ಮೇಲು. ಅದು ಈಗಾಗಲೇ ಮನೆಯಲ್ಲಿದ್ದವರು ಈ ಅಡುಗೆಗಾಗಿ ಸ್ಲೋ ಕುಕ್ಕರ್ ಕೊಳ್ಳಬೇಕಿಲ್ಲ. ಎರಡೂ ಇಲ್ಲದೆ, ಅಗ್ಗದ ಗಟ್ಟಿ ಮಾಂಸವನ್ನು ಹೆಚ್ಚಾಗಿ ಬೇಯಿಸುವವರಾದರೆ ಸ್ಲೋ ಕುಕ್ಕರನ್ನೇ ಆರಿಸಬಹುದು, ಆದರೆ ಟೈಮರ್ ಇರುವ ಮಾದರಿಯನ್ನು. ಉಳಿದದ್ದನ್ನು ಮರುದಿನ ಅದರಲ್ಲೇ ಬಿಸಿಮಾಡುವ ಯೋಚನೆ ಬೇಡ: ಕಾವು ಏರುವುದು ನಿಧಾನವಾದ್ದರಿಂದ ಅದು ಸುರಕ್ಷಿತವಲ್ಲ. ಬಾಣಲೆಯಲ್ಲಿ ತುಸು ಬೆಣ್ಣೆ ಕಾಯಿಸಿ ಬೇಗ ಹುರಿದುಕೊಂಡರೆ, ಹಿಂದಿನ ದಿನ ಒದ್ದೆಯಾಗಿದ್ದ ಮೇಲ್ಪದರದ ಕಾಳೂ ಗರಿಗರಿಯಾಗುತ್ತದೆ.