ಲಿಂಬೆ ಪರಿಮಳದ ಸ್ಪ್ರೇ: ಬಾಟ್ಲಿಯ ಬೆನ್ನು ಓದಿ ತಗೊಳ್ಳಿ

ಮಂಗಳೂರಿನ ಬಿಜೈಯಲ್ಲಿ ನಮ್ಮ ಮನೆಯ ಎದುರಿನ ಕೋಣೆಯಲ್ಲೇ ನನ್ನ ಟ್ಯೂಶನ್. ಸಂಜೆ ಐದಕ್ಕೆ 14 ಮಕ್ಕಳು. ಎಲ್ಲರೂ ಮುಟ್ಟುವುದು ಅದೇ ಗೇಟಿನ ಚಿಲಕ, ಅದೇ ಫ್ಯಾನಿನ ಸ್ವಿಚ್ಚು, ಬೇಸಿನ್ನಿನ ಅದೇ ನಳ್ಳಿ. 2023ರ ಆಟಿಯಲ್ಲಿ, ಅಂದರೆ ಜುಲೈ-ಆಗಸ್ಟಿನ ಮಳೆಗಾಲದಲ್ಲಿ, ಕೆಂಗಣ್ಣು ಊರೆಲ್ಲ ಸುತ್ತುತ್ತಿತ್ತು. ನಮ್ಮಲ್ಲಿ ಸೋಮವಾರ ಒಬ್ಬ ಕಣ್ಣು ತಿಕ್ಕುತ್ತಾ ಬಂದ. ಶುಕ್ರವಾರಕ್ಕೆ ಆರು ಮಂದಿ ರಜೆ, ಏಳನೆಯವಳು ನಾನು.

ಆಗ ತರಿಸಿದ್ದು ಮೇಜು, ಚಿಲಕದ ಮೇಲಿನ ರೋಗಾಣು ಕೊಲ್ಲುವ ಈ ಸ್ಪ್ರೇ. ಹೆಸರು ಬೇಡ. 500 ಮಿಲಿ, 240 ರೂಪಾಯಿ. ಇಷ್ಟರಲ್ಲಿ ಮೂರು ಬಾಟ್ಲಿ ಮುಗಿಸಿದ್ದೇನೆ, ಹಾಗಾಗಿ ಹೇಳುವ ಹಕ್ಕು ಉಂಟು.

ಒಳ್ಳೆಯದು ಮೊದಲು. ಕೈ ಉರಿಯುವುದಿಲ್ಲ, ಸನ್‌ಮೈಕಾ ಮೇಜಿನ ಹೊಳಪು ಹೋಗಿಲ್ಲ, ಸ್ಪ್ರೇಯ ಮೂತಿ ಒಮ್ಮೆಯೂ ಕಟ್ಟಿಲ್ಲ. ಪರಿಮಳವಂತೂ ಭರ್ಜರಿ. ಮಕ್ಕಳನ್ನು ಬಿಡಲಿಕ್ಕೆ ಬರುವ ತಾಯಂದಿರು "ಟೀಚರ್, ನಿಮ್ಮಲ್ಲಿ ಎಷ್ಟು ಕ್ಲೀನ್ ಉಂಟು" ಅಂತಾರೆ. ನನಗೂ ಹಾಗೇ ಅನಿಸಿತ್ತು, ಅದೇ ಎಡವಟ್ಟಾದದ್ದು.

ಎದುರಿಗೆ ದೊಡ್ಡದಾಗಿ ಶೇಕಡಾ 99.9 ರೋಗಾಣು ಸಾಯುತ್ತವೆ ಎಂದುಂಟು. ಹಿಂದೆ ಇರುವೆ ಸಾಲಿನ ಅಕ್ಷರದಲ್ಲಿ, ಸ್ಪ್ರೇ ಮಾಡಿದ ಜಾಗ 10 ನಿಮಿಷ ಒದ್ದೆಯಾಗಿಯೇ ಇರಬೇಕು ಎಂದುಂಟು. ನಾನು ಮಾಡುತ್ತಿದ್ದದ್ದು ಎಂತ? ಪುಸ್ಸನೆ ಹೊಡೆಯುವುದು, ಹಿಂದೆಯೇ ಬಟ್ಟೆಯಲ್ಲಿ ಒರೆಸುವುದು. ಮದ್ದು ಬಾಯಿಗೆ ಹಾಕಿ ಉಗುಳಿದ ಹಾಗೆ. ಆಟಿಯ ತಂಪಿಗೆ ಫ್ಯಾನ್ ಬಂದ್ ಮಾಡಿದರೆ ಮೇಜು ಹೇಗೂ ಒಣಗುವುದಿಲ್ಲ, ಸರಿ. ಏಪ್ರಿಲಿನ ಸೆಕೆಯಲ್ಲಿ 14 ಮಕ್ಕಳನ್ನು ಕೂರಿಸಿ ಫ್ಯಾನ್ ಬಂದ್ ಮಾಡಿ ನೋಡಿ! ಈಗ ನಾಲ್ಕೂವರೆಗೇ, ಕೋಣೆ ಖಾಲಿ ಇರುವಾಗ, ಕೆಲಸ ಮುಗಿಸುತ್ತೇನೆ.

ದೊಡ್ಡ ತಕರಾರು ಬೇರೆಯೇ. ಇದರ ಒಳಗಿರುವುದು ಬೆಂಜಾಲ್ಕೋನಿಯಂ ಕ್ಲೋರೈಡ್. ಫ್ಲೂ, ಕೊರೋನಾದಂತಹ, ಕೊಬ್ಬಿನ ಹೊದಿಕೆ ಇರುವ ವೈರಸ್‌ಗಳನ್ನು ಅದು ಮುಗಿಸುತ್ತದೆ. ಕೆಂಗಣ್ಣನ್ನು ಹೆಚ್ಚಾಗಿ ತರುವ ಅಡಿನೋವೈರಸ್‌ಗೆ ಆ ಹೊದಿಕೆಯೇ ಇಲ್ಲ, ಅದು ಇಂಥ ಮದ್ದಿಗೆ ಸುಲಭಕ್ಕೆ ಬಗ್ಗುವುದಿಲ್ಲ. ಬಾಟ್ಲಿಯ ಪಟ್ಟಿಯಲ್ಲಿ ಫ್ಲೂ ಉಂಟು, ಅಡಿನೋ ಇಲ್ಲ. ನಾನು ಯಾವುದಕ್ಕೆಂದು ತಂದೆನೋ ಅದೇ ಇಲ್ಲ ಮಾರಾಯ್ರೆ.

ಕೊನೆಗೆ ಬಂದರಿನ ಸಗಟು ಅಂಗಡಿಯಿಂದ, ಅಡಿನೋವನ್ನೂ ಕೊಲ್ಲುವ ಸೋಡಿಯಂ ಹೈಪೋಕ್ಲೋರೈಟ್, ಅಂದರೆ ಬ್ಲೀಚಿನ ದ್ರಾವಣ ತಂದೆ. ಐದು ಲೀಟರಿನ ಕ್ಯಾನ್, ಎರಡು ಸ್ಪ್ರೇಯಷ್ಟೂ ಬೆಲೆ ಆಗಲಿಲ್ಲ. ಶೇಕಡಾ 5ರದ್ದಾದರೆ ಒಂದು ಲೀಟರ್ ನೀರಿಗೆ 20 ಮಿಲಿ ಸಾಕು. ಮೊದಲು ಸೋಪಿನ ನೀರಲ್ಲಿ ಒರೆಸಲೇಬೇಕು, ಕೊಳೆ ಇದ್ದರೆ ಕ್ಲೋರಿನ್ ಎಲ್ಲ ಕೊಳೆಗೇ ಖರ್ಚಾಗುತ್ತದೆ. ಹತ್ತು ನಿಮಿಷದ ನಂತರ ಬರೀ ನೀರಿನಲ್ಲಿ ಇನ್ನೊಮ್ಮೆ ಒರೆಸಬೇಕು. ಕಡಲ ಗಾಳಿಗೇ ತುಕ್ಕು ಹಿಡಿಯುವ ಗೇಟಿನ ಚಿಲಕಕ್ಕೆ ಇದೂ ಸೇರಿದರೆ ಕಥೆ ಮುಗಿಯಿತು. ಕಲಸಿದ್ದು ಆ ದಿನಕ್ಕೆ ಮಾತ್ರ, ಮರುದಿನಕ್ಕೆ ಸತ್ವ ಇರುವುದಿಲ್ಲ. ಪಾಯಿಖಾನೆ ತಿಕ್ಕುವ ಆಸಿಡ್ ಹತ್ತಿರ ತರಲೇಬೇಡಿ, ಕ್ಲೋರಿನ್ ಗ್ಯಾಸ್ ಏಳುತ್ತದೆ. ನನ್ನ ಒಂದು ನೀಲಿ ಕಾಟನ್ ಸೀರೆ ಇದಕ್ಕೆ ಬಲಿಯಾಗಿದೆ. ಸ್ವಿಚ್ಚಿಗೆ ಮಾತ್ರ ಯಾವುದನ್ನೂ ನೇರ ಹೊಡೆಯುವುದಿಲ್ಲ, ಮೈನ್ ಬಂದ್ ಮಾಡಿ ಹಿಂಡಿದ ಬಟ್ಟೆಯಲ್ಲಿ ಒರೆಸುವುದು.

ಇಷ್ಟೆಲ್ಲ ಮಾಡಿದರೂ, ಬೇಸಿನ್ ಹತ್ತಿರ ನೇತಾಡುತ್ತಿದ್ದ ಒಂದೇ ಬೈರಾಸನ್ನು ತೆಗೆದದ್ದೇ ಹೆಚ್ಚು ಉಪಕಾರವಾಯಿತೋ ಏನೋ. 14 ಮಂದಿಯ ಮುಖ ಒರೆಸಿದ ಬೈರಾಸು!

ನಡುವೆ ಒಂದು ಹೊಟ್ಟೆಯುರಿಯ ಮಾತು. ಅತ್ತೆಯ ಕಾಲದ ಬಾಗಿಲಿಗೆ ಹಿತ್ತಾಳೆಯ ಹಿಡಿ ಇತ್ತು, ಹುಣಸೆಹುಳಿ ಹಾಕಿ ತಿಕ್ಕುತ್ತಿದ್ದರು. ತಾಮ್ರ ಹೆಚ್ಚಿರುವ ಲೋಹದ ಮೇಲೆ ಬ್ಯಾಕ್ಟೀರಿಯಾ ಕೆಲವೇ ಗಂಟೆಗಳಲ್ಲಿ ಸಾಯುತ್ತದೆ. 2020ರ ಪ್ರಯೋಗವೊಂದರಲ್ಲಿ ಕೊರೋನಾ ವೈರಸ್ ಪ್ಲಾಸ್ಟಿಕ್, ಸ್ಟೀಲಿನ ಮೇಲೆ ಎರಡು ಮೂರು ದಿನ ಉಳಿದರೆ, ತಾಮ್ರದ ಮೇಲೆ 4 ಗಂಟೆಯಲ್ಲಿ ಇಲ್ಲವಾಗಿತ್ತು. ನಾವು ಆ ಹಿಡಿ ಕಿತ್ತು ಗುಜರಿಗೆ ಕೊಟ್ಟು ಸ್ಟೀಲಿನದ್ದು ಹಾಕಿಸಿದ್ದೇವೆ, ಚಂದ ಕಾಣಲಿಕ್ಕೆ.

ಶೀತ-ಜ್ವರದ ದಿನಗಳಿಗೆ ಒಂದು ಬಾಟ್ಲಿ ಈಗಲೂ ಕಪಾಟಿನಲ್ಲಿ ಇರುತ್ತದೆ. ಐದರಲ್ಲಿ ಮೂರು ಕೊಡುತ್ತೇನೆ. ಒಂದು ಅಂಕ ಕಳೆದದ್ದು ಆ ಇರುವೆ ಸಾಲಿಗೆ. ಕನ್ನಡಕ ಹಾಕಿ, ಮೊಬೈಲಿನಲ್ಲಿ ಫೋಟೋ ಹಿಡಿದು ದೊಡ್ಡದು ಮಾಡಿ ಓದಬೇಕಾಯಿತು, ಅದೂ ನನ್ನ ಕೆಂಗಣ್ಣು ಗುಣವಾದ ಮೇಲೆ.