ಎಕ್ಕದ ಗಿಡ ನೋಡಲು ಕೊಂಡ ಹತ್ತು ಪಟ್ಟಿನ ಲೆನ್ಸು

ರಥಸಪ್ತಮಿಯ ಸ್ನಾನಕ್ಕೆ ಎಲೆ ಬೇಕಾದಾಗಷ್ಟೇ ನೆನಪಾಗುತ್ತಿದ್ದ ಎಕ್ಕದ ಗಿಡವೊಂದನ್ನು ಈಗ ಒಂದು ವರ್ಷದಿಂದ ವಾರಕ್ಕೊಮ್ಮೆ ಹೋಗಿ ನೋಡುತ್ತಿದ್ದೇನೆ. ಮಂಡ್ಯದ ಹತ್ತಿರ, ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಏರಿಯ ಮೇಲಿದೆ. ಈ ಹುಚ್ಚು ಹಿಡಿಸಿದ್ದು ಮೈಸೂರಿನಲ್ಲಿ 620 ರೂಪಾಯಿ ಕೊಟ್ಟು ತಂದ 10 ಪಟ್ಟು ದೊಡ್ಡದಾಗಿ ತೋರಿಸುವ, ಮಡಚುವ ಲೆನ್ಸು.

ಇದಕ್ಕೂ ಮೊದಲು 40 ಪಟ್ಟು, ಜೊತೆಗೆ ಲೈಟ್ ಬೇರೆ ಅಂತ ಆನ್‌ಲೈನಿನಲ್ಲಿ ಒಂದು ತರಿಸಿ ಕೈಸುಟ್ಟುಕೊಂಡಿದ್ದೆ. ಅಂಚಿನಲ್ಲೆಲ್ಲ ಕಾಮನಬಿಲ್ಲಿನ ಬಣ್ಣ, ಕೈ ಕೊಂಚ ಅಲುಗಿದರೂ ಹೂವೇ ಮಾಯ. ಈಗಿನ 10 ಪಟ್ಟಿನದರಲ್ಲಿ ಮೂರು ಗಾಜು ಕೂಡಿಸಿ ಅಂಟಿಸಿರುವುದರಿಂದ ಆ ಕಾಟವಿಲ್ಲ. ಲೆನ್ಸನ್ನು ಕಣ್ಣಿನ ಹತ್ತಿರವೇ ಹಿಡಿದು ಹೂವನ್ನು ಅದರ ಬಳಿ ತರಬೇಕು. ಎರಡೂವರೆ ಸೆಂಟಿಮೀಟರ್ ದೂರಕ್ಕೆ ಬಂತೋ, ಎಲ್ಲ ನಿಚ್ಚಳ.

ಎಕ್ಕದ ಹೂವಿನ ನಡುವೆ ಕಿರೀಟ ಇದೆಯಲ್ಲ, ಅಲ್ಲಿ ಐದು ಸೀಳುಗಳಿವೆ. ಒಂದೊಂದರ ತುದಿಯಲ್ಲೂ ಸಾಸಿವೆಗಿಂತ ಸಣ್ಣ ಕಂದು ಚುಕ್ಕೆ. ಗುಂಡುಸೂಜಿಯಿಂದ ಮೀಟಿದೆ. ಚುಕ್ಕೆಯ ಜೊತೆ ಎರಡು ಹಳದಿ ಚೀಲ, ತಕ್ಕಡಿ ತಟ್ಟೆಗಳ ಹಾಗೆ ಎರಡು ಕಡೆ ಜೋತುಕೊಂಡು ಹೊರಬಂದವು! ಪರಾಗ ಅಂದರೆ ಪುಡಿ ಅಂತಲೇ ಇಪ್ಪತ್ತು ವರ್ಷ ಪಾಠ ಹೇಳಿದ್ದೇನೆ. ಎಕ್ಕದಲ್ಲಿ ಅದು ಪುಡಿಯಲ್ಲ, ಗಂಟು. ದೊಡ್ಡ ಕರಿ ದುಂಬಿಯ ಕಾಲು ಸೀಳಿಗೆ ಸಿಕ್ಕಿ, ಎಳೆದುಕೊಳ್ಳುವಾಗ ಈ ಜೋಡಿಚೀಲ ಕಾಲಿಗೇ ಕಚ್ಚಿಕೊಂಡು ಮುಂದಿನ ಹೂವಿಗೆ ಹೋಗುತ್ತದೆ. ಸೀತಾಳೆ ಹೂವಿನ ಪರಾಗವೂ ಹೀಗೇ ಗಂಟುಗಂಟು.

ಬೇಸಿಗೆಯಲ್ಲಿ ಕಾಯಿ ಬಿರಿದಾಗ ಚಪ್ಪಟೆ ಬೀಜದ ತಲೆಯಲ್ಲಿನ ರೇಷ್ಮೆಕೂದಲು ನೋಡಿದೆ. ಮಳೆ ಹಿಡಿದ ಮೇಲೆ ಎಲೆಯಡಿಯಲ್ಲಿ ಪ್ಲೇನ್ ಟೈಗರ್ ಚಿಟ್ಟೆಯ ಒಂಟಿ ಮೊಟ್ಟೆ. ಬರಿಗಣ್ಣಿಗೆ ಬಿಳಿ ಚುಕ್ಕೆ, ಲೆನ್ಸಿನಲ್ಲಿ ಉದ್ದುದ್ದ ಗೆರೆಯ ಪುಟ್ಟ ಪೀಪಾಯಿ.

ಆರೇ ತಿಂಗಳಿಗೆ ಮಡಚುವ ಕಡೆಯ ಸ್ಕ್ರೂ ಸಡಿಲವಾಯಿತು. ಕೊಂಡ ಅಂಗಡಿಯವರು ಕೈಚೆಲ್ಲಿದರು. ಕನ್ನಡಕದ ಅಂಗಡಿಯ ಹುಡುಗ ನಿಮಿಷದಲ್ಲಿ ಬಿಗಿ ಮಾಡಿಕೊಟ್ಟ, ಕಾಸೂ ಮುಟ್ಟಲಿಲ್ಲ. ಲೆನ್ಸಿನ ಜೊತೆ ದಾರ ಕೊಡುವುದಿಲ್ಲ. ಏರಿಯ ಹುಲ್ಲಿನಲ್ಲಿ ಬಿದ್ದರೆ ಕಾಣಲಿ ಅಂತ ಕೆಂಪು ಉಡಿದಾರ ಕಟ್ಟಿದ್ದೇನೆ.

ಎಕ್ಕದ ಹಾಲಿನ ಬಗ್ಗೆ ಮಾತ್ರ ಬಹಳ ಎಚ್ಚರ ಬೇಕು. ಲೆನ್ಸು ಇರುವುದೇ ಕಣ್ಣಿನ ಪಕ್ಕ, ಆ ಹಾಲು ಕಣ್ಣಿಗೆ ತಾಕಿದರೆ ದೃಷ್ಟಿಗೇ ಅಪಾಯ. ಹೂ ಕಿತ್ತ ಕೈಯನ್ನು ಸೋಪು ಹಾಕಿ ತೊಳೆಯದೆ ಲೆನ್ಸು ಮುಟ್ಟಕೂಡದು ಅಂತ ಮಕ್ಕಳಿಗೆ ಖಡಕ್ಕಾಗಿ ಹೇಳಿದ್ದೇನೆ. ಶಾಲೆಗೆ ಅಂತ ಇಂಥವೇ ಇನ್ನೆರಡು ತಂದು, ಅವಕ್ಕೂ ಕೆಂಪು ದಾರ ಕಟ್ಟಿ ಇಟ್ಟಿದ್ದೇನೆ.