ಬೇಸ್‌ಲೈನಿನ ಹಿಂದೆಯೋ, ಬಲೆಯ ಪಕ್ಕದಲ್ಲೋ: ಟೆನ್ನಿಸ್ ಆಟಗಾರನನ್ನು ಅಳೆಯಲು ಎಲ್ಲಿ ಕೂರಬೇಕು?

ಮೈಸೂರಿನಲ್ಲಿದ್ದುಕೊಂಡು ವೃತ್ತಿಪರ ಟೆನ್ನಿಸನ್ನು ಕಣ್ಣಾರೆ ನೋಡಲು ಸಿಗುವ ಅವಕಾಶಗಳು ಕಡಿಮೆ. ಆದರೆ ಸಿಕ್ಕಾಗ ಚೆನ್ನಾಗಿಯೇ ಸಿಗುತ್ತವೆ. ನಮ್ಮ ಮೈಸೂರು ಟೆನ್ನಿಸ್ ಕ್ಲಬ್ಬಿನಲ್ಲಿ ಅಂತರರಾಷ್ಟ್ರೀಯ ಟೆನ್ನಿಸ್ ಒಕ್ಕೂಟದ (ಐಟಿಎಫ್) ಪುರುಷರ ಪಂದ್ಯಾವಳಿ ನಡೆದಿದೆ, ಮಂಡ್ಯದಲ್ಲೂ ಐಟಿಎಫ್ ಪಂದ್ಯಾವಳಿಗಳು ನಡೆದಿವೆ. ಐಟಿಎಫ್ ಪಂದ್ಯಾವಳಿಗಳಿಗಿಂತ ಒಂದು ಮೆಟ್ಟಿಲು ಮೇಲಿನ ಚಾಲೆಂಜರ್ ಹಂತದ ಬೆಂಗಳೂರು ಓಪನ್ ನಡೆಯುವ ವಾರದಲ್ಲಿ ಬೆಳಗಿನ ರೈಲು ಹತ್ತಿದರೆ ಕಬ್ಬನ್ ಪಾರ್ಕಿನಲ್ಲಿರುವ ರಾಜ್ಯ ಲಾನ್ ಟೆನ್ನಿಸ್ ಸಂಸ್ಥೆಯ (ಕೆಎಸ್‌ಎಲ್‌ಟಿಎ) ಕ್ರೀಡಾಂಗಣದಲ್ಲಿ ದಿನವಿಡೀ ಆಟ ನೋಡಿ ರಾತ್ರಿ ಮನೆ ಸೇರಬಹುದು. ಇವೆಲ್ಲ ಕಡೆಗಳಲ್ಲೂ ನಾನು ಬೇರೆ ಬೇರೆ ಜಾಗಗಳಲ್ಲಿ ಕುಳಿತು ನೋಡಿದ್ದೇನೆ, ಮನೆಯಲ್ಲಿ ಪರದೆಯ ಮುಂದೆಯೂ ಕುಳಿತಿದ್ದೇನೆ. ಒಬ್ಬ ಆಟಗಾರನ ಬಲ ಯಾವುದು, ಒತ್ತಡ ಬಂದಾಗ ಅವನ ಯಾವ ಹೊಡೆತ ಮೊದಲು ಕುಸಿಯುತ್ತದೆ ಎಂಬುದನ್ನು ಗುರುತಿಸಲು ಇವುಗಳಲ್ಲಿ ಯಾವ ಜಾಗ ಹೆಚ್ಚು ನೆರವಾಗುತ್ತದೆ ಎಂಬುದೇ ಇಲ್ಲಿನ ಹೋಲಿಕೆ. ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ: ಒಂದೇ ಪಂದ್ಯ, ಒಂದೇ ಜಾಗ ಎಂದಾದರೆ ಬೇಸ್‌ಲೈನಿನ, ಅಂದರೆ ಅಂಗಳದ ತುದಿಯ ಗೆರೆಯ ಹಿಂದೆ, ನೆಲಕ್ಕೆ ಆದಷ್ಟು ಹತ್ತಿರವಾಗಿ ಕೂರಬೇಕು.

ಹಾಗೆ ಕುಳಿತವರಿಗೆ ಮೊದಲು ತಿಳಿಯುವುದು ಚೆಂಡು ಬಲೆಯನ್ನು ಎಷ್ಟು ಎತ್ತರದಲ್ಲಿ ದಾಟುತ್ತಿದೆ ಎಂಬುದು. ಬಲೆಯ ಎತ್ತರ ನಡುವಿನಲ್ಲಿ 91.4 ಸೆಂಟಿಮೀಟರ್, ಕಂಬಗಳ ಬಳಿ 107 ಸೆಂಟಿಮೀಟರ್. ಮೂಲೆಯಿಂದ ಮೂಲೆಗೆ ಹೊಡೆಯುವವನಿಗೆ ತಗ್ಗಾದ ಬಲೆಯೂ ಉದ್ದವಾದ ಅಂಗಳವೂ ಸಿಗುತ್ತವೆ. ಪಕ್ಕದ ಗೆರೆಗುಂಟ ನೇರವಾಗಿ ಹೊಡೆಯುವವನಿಗೆ ಇವೆರಡೂ ಇಲ್ಲ. ಆದ್ದರಿಂದ ಗೆರೆಗುಂಟ ಹೋಗುವ ಬ್ಯಾಕ್‌ಹ್ಯಾಂಡ್ ಆಟಗಾರನ ಆತ್ಮವಿಶ್ವಾಸವನ್ನು ಅಳೆಯುವ ಒಳ್ಳೆಯ ಮಾಪಕ. ನಂಬಿಕೆಯಿಂದ ಹೊಡೆದ ಚೆಂಡು ಟಾಪ್‌ಸ್ಪಿನ್, ಅಂದರೆ ಮುಂದಕ್ಕೆ ಉರುಳುವ ತಿರುಗು ಹೊತ್ತು ಬಲೆಯಿಂದ ಸಾಕಷ್ಟು ಮೇಲೆ ಸಾಗಿ, ಕೊನೆಯಲ್ಲಿ ಕೆಳಕ್ಕೆ ಬಾಗುತ್ತದೆ. ಅಳುಕಿನಿಂದ ಹೊಡೆದದ್ದು ಬಲೆಯ ಮೇಲಂಚಿನ ಬಿಳಿ ಪಟ್ಟಿಯನ್ನು ಸವರಿಕೊಂಡು ಹೋಗುತ್ತದೆ. ಅದೃಷ್ಟವಶಾತ್ ಒಳಗೆ ಬಿದ್ದರೆ ಪ್ರೇಕ್ಷಕರು ಚಪ್ಪಾಳೆ ತಟ್ಟುತ್ತಾರೆ, ಆದರೆ ಹಿಂದೆ ಕುಳಿತವನಿಗೆ ಮುಂದಿನ ಎರಡು ಮೂರು ಹೊಡೆತಗಳಲ್ಲಿ ಒಂದು ಬಲೆಗೆ ಬೀಳಲಿದೆ ಎಂಬ ಸುಳಿವು ಸಿಕ್ಕಿರುತ್ತದೆ.

ಎರಡನೆಯ ಲಾಭ, ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು, ಎರಡನೇ ಸರ್ವ್, ಅಂದರೆ ಮೊದಲನೆಯದು ತಪ್ಪಿದಾಗ ಸಿಗುವ ಇನ್ನೊಂದೇ ಅವಕಾಶ. ಮೊದಲ ಸರ್ವ್ ಆಟಗಾರನ ಶಕ್ತಿಯನ್ನು ತೋರಿಸಿದರೆ ಎರಡನೆಯದು ಅವನ ಧೈರ್ಯವನ್ನೂ ತಂತ್ರದ ಗಟ್ಟಿತನವನ್ನೂ ತೋರಿಸುತ್ತದೆ. ಎತ್ತರದ ಬಲಗೈ ಆಟಗಾರನೊಬ್ಬ ಅಡ್ವಾಂಟೇಜ್ ಬದಿಯಿಂದ, ಅಂದರೆ ತನ್ನ ಅಂಗಳದ ಎಡಭಾಗದಿಂದ, ಎರಡನೇ ಸರ್ವ್ ಮಾಡುವುದನ್ನು ಒಮ್ಮೆ ಸರಿಯಾಗಿ ಅವನ ಬೆನ್ನ ಹಿಂದೆ ಕುಳಿತು ನೋಡುತ್ತಿದ್ದೆ. ಮೊದಲ ಸೆಟ್ಟಿನುದ್ದಕ್ಕೂ ಅವನ ಟಾಸ್, ಅಂದರೆ ಸರ್ವ್‌ಗಾಗಿ ಮೇಲಕ್ಕೆಸೆದ ಚೆಂಡು, ತಲೆಯ ಮೇಲೆ ತುಸು ಎಡಕ್ಕೆ ಏರುತ್ತಿತ್ತು. ರ‍್ಯಾಕೆಟ್ ಕೆಳಗಿನಿಂದ ಮೇಲಕ್ಕೆ ಚೆಂಡನ್ನು ಉಜ್ಜಿಕೊಂಡು ಹೋಗುತ್ತಿತ್ತು. ಚೆಂಡು ಕಮಾನಿನಂತೆ ಬಲೆ ದಾಟಿ, ನೆಲ ಮುಟ್ಟಿದೊಡನೆ ಎದುರಾಳಿಯ ಬ್ಯಾಕ್‌ಹ್ಯಾಂಡ್ ಭುಜದ ಮಟ್ಟಕ್ಕೆ ನೆಗೆಯುತ್ತಿತ್ತು. ಎರಡನೇ ಸೆಟ್ಟಿನಲ್ಲಿ ಬ್ರೇಕ್ ಪಾಯಿಂಟ್ (ಇನ್ನೊಂದು ಅಂಕ ಸೋತರೆ ತನ್ನ ಸರ್ವ್‌ನ ಗೇಮ್ ಕಳೆದುಕೊಳ್ಳುವ ಹಂತ) ಎದುರಾದಾಗ ಅದೇ ಟಾಸ್ ಬಲಕ್ಕೂ ಮುಂದಕ್ಕೂ ಸರಿಯಿತು. ಅಲ್ಲಿಂದ ಚೆಂಡನ್ನು ಉಜ್ಜಲು ಆಗುವುದಿಲ್ಲ, ತಳ್ಳಬಹುದಷ್ಟೆ. ಚೆಂಡು ನೆಗೆಯದೆ ಸೊಂಟದ ಎತ್ತರಕ್ಕೆ ಬಂತು. ಎದುರಾಳಿ ಎರಡು ಹೆಜ್ಜೆ ಮುಂದೆ ಸರಿದು ಅದನ್ನು ಗೆರೆಗುಂಟ ಬಾರಿಸಿದ. ಆ ಪಂದ್ಯದ ಉಳಿದ ಭಾಗದಲ್ಲಿ ಅವನ ಸರ್ವ್ ಯಾವಾಗ ಮುರಿಯುತ್ತದೆ ಎಂಬುದನ್ನು ಟಾಸ್ ನೋಡಿಯೇ ಹೇಳುವಂತಾಯಿತು. ಪಕ್ಕದಲ್ಲಿ ಕುಳಿತಿದ್ದರೆ ಟಾಸ್ ಮುಂದಕ್ಕೆ ಹೋದದ್ದು ಕಾಣುತ್ತಿತ್ತು, ಬಲಕ್ಕೆ ಸರಿದದ್ದು ಕಾಣುತ್ತಿರಲಿಲ್ಲ.

ಇಲ್ಲಿ ಕೂರುವಾಗ ಒಂದು ಸಣ್ಣ ನೋಟ್‌ಬುಕ್ ಜೊತೆಯಲ್ಲಿರಲಿ. ಪ್ರತಿ ಎರಡನೇ ಸರ್ವ್ ಹೊರಮೂಲೆಗೆ ಹೋಯಿತೋ, ಎದುರಾಳಿಯ ಮೈಮೇಲೆ ಹೋಯಿತೋ, ನಡುಗೆರೆಗೆ ಹೋಯಿತೋ ಎಂದು ಒಂದೊಂದು ಗುರುತು ಹಾಕುತ್ತ, 30-40 ಅಥವಾ ಅಡ್ವಾಂಟೇಜ್ ಎದುರಾಳಿಗೆ ಎಂಬ ಹಂತದಲ್ಲಿ ಹಾಕಿದ ಗುರುತುಗಳಿಗೆ ಮಾತ್ರ ಸುತ್ತು ಹಾಕುತ್ತ ಹೋದರೆ, ಒಂದು ಸೆಟ್ ಮುಗಿಯುವಷ್ಟರಲ್ಲಿ ಆಟಗಾರ ಕಷ್ಟದಲ್ಲಿ ಯಾವ ದಿಕ್ಕನ್ನು ನಂಬುತ್ತಾನೆ ಎಂಬುದು ಕಾಗದದ ಮೇಲೆ ಮೂಡಿರುತ್ತದೆ.

ಬಲೆಯ ಕಂಬದ ನೇರಕ್ಕೆ, ಪಕ್ಕದಲ್ಲಿ ಕೂರುವುದು ಇದಕ್ಕೆ ಗಟ್ಟಿ ಪೈಪೋಟಿ ಕೊಡುವ ಆಯ್ಕೆ. ದುಬಾರಿ ಆಸನಗಳು ಇಲ್ಲೇ ಇರುತ್ತವೆ, ಆಟದ ವೇಗ ಮೈಗೆ ತಟ್ಟುವುದೂ ಇಲ್ಲೇ. ಅಂಗಳದ ಉದ್ದ 23.77 ಮೀಟರ್. ಆ ಉದ್ದದಲ್ಲಿ ಚೆಂಡು ಎಲ್ಲಿ ಬೀಳುತ್ತಿದೆ, ಆಟಗಾರ ಬೇಸ್‌ಲೈನಿನಿಂದ ಎಷ್ಟು ಹಿಂದೆ ನಿಂತಿದ್ದಾನೆ, ಚೆಂಡನ್ನು ಮೈಯ ಮುಂದೆ ಹಿಡಿಯುತ್ತಾನೋ ತಡವಾಗಿ ಪಕ್ಕದಲ್ಲಿ ಹಿಡಿಯುತ್ತಾನೋ ಎಂಬುದೆಲ್ಲ ಪಕ್ಕದಿಂದಲೇ ಸ್ಪಷ್ಟ. ಕಾಲಿನ ಕೆಲಸವೂ ಹಾಗೆಯೇ. ಎದುರಾಳಿ ಚೆಂಡಿಗೆ ರ‍್ಯಾಕೆಟ್ ತಾಗಿಸುವ ಕ್ಷಣಕ್ಕೆ ಸರಿಯಾಗಿ ಹಾಕಬೇಕಾದ ಪುಟ್ಟ ನೆಗೆತ, ಅಂದರೆ ಸ್ಪ್ಲಿಟ್ ಸ್ಟೆಪ್, ಮೂರನೇ ಸೆಟ್ಟಿನಲ್ಲಿ ದಣಿದ ಆಟಗಾರನಲ್ಲಿ ಮೊದಲು ತಡವಾಗುತ್ತದೆ, ಆಮೇಲೆ ಕಾಣೆಯಾಗುತ್ತದೆ. ಅಂಕಗಳು ಕೈತಪ್ಪುವುದು ಅದಾದ ಮೇಲೆ. ಆದರೆ ದಿಕ್ಕಿನ ವಿಷಯದಲ್ಲಿ ಈ ಜಾಗ ಕುರುಡು. ಸರ್ವ್ ಹೊರಮೂಲೆಗೆ ಹೋಯಿತೇ, ನಡುಗೆರೆಗೆ ಹೋಯಿತೇ ಎಂಬುದನ್ನು ಎದುರಾಳಿಯ ಓಟ ನೋಡಿ ಊಹಿಸಬೇಕಾಗುತ್ತದೆ.

ಹಾಗಾಗಿ ಯಾರನ್ನು ನೋಡಲು ಹೋಗುತ್ತಿದ್ದೇವೆ ಎಂಬುದರ ಮೇಲೂ ಆಯ್ಕೆ ನಿಲ್ಲುತ್ತದೆ. 2017ರಲ್ಲಿ ಬೆಂಗಳೂರಿನಲ್ಲಿಯೇ ಚಾಲೆಂಜರ್ ಪ್ರಶಸ್ತಿ ಗೆದ್ದ, 2024ರ ಆಸ್ಟ್ರೇಲಿಯನ್ ಓಪನ್ನಿನಲ್ಲಿ 31ನೇ ಶ್ರೇಯಾಂಕದ ಅಲೆಕ್ಸಾಂಡರ್ ಬುಬ್ಲಿಕ್ ಅವರನ್ನು ಸೋಲಿಸಿದ ಸುಮಿತ್ ನಾಗಲ್ ಅವರಂಥವರನ್ನು ಅಳೆಯುವುದಕ್ಕೆ ಪಕ್ಕದ ಆಸನವೇ ಮೇಲು. ಅವರು ಎತ್ತರದ ಆಟಗಾರರಲ್ಲ, ಸರ್ವ್‌ನಿಂದ ಸುಲಭದ ಅಂಕಗಳು ಅವರಿಗೆ ಹೆಚ್ಚು ಸಿಗುವುದಿಲ್ಲ. ಬ್ಯಾಕ್‌ಹ್ಯಾಂಡ್ ಬದಿಗೆ ಬಂದ ಚೆಂಡನ್ನೂ ಸುತ್ತಿ ಓಡಿ ಫೋರ್‌ಹ್ಯಾಂಡಿನಿಂದ ಹೊಡೆಯುವ ಕಾಲುಗಳೇ ಅವರ ಬಂಡವಾಳ. ಡಬಲ್ಸ್ ನೋಡುವಾಗ ಮಾತ್ರ ಎರಡನೇ ಯೋಚನೆಯಿಲ್ಲದೆ ಹಿಂದೆ ಹೋಗಿ ಕುಳಿತುಬಿಡಿ. ನಮ್ಮ ಕೊಡಗಿನ ರೋಹನ್ ಬೋಪಣ್ಣ 43ರ ವಯಸ್ಸಿನಲ್ಲಿ ಮ್ಯಾಥ್ಯೂ ಎಬ್ಡನ್ ಜೊತೆಗೂಡಿ 2024ರ ಆಸ್ಟ್ರೇಲಿಯನ್ ಓಪನ್ ಗೆದ್ದದ್ದು ಓಟದ ಬಲದಿಂದಲ್ಲ. ಬಲೆಯ ಬಳಿಯ ಜೊತೆಗಾರ ಯಾವಾಗ ಅಡ್ಡ ಬರುತ್ತಾನೆ, ಅವನು ಬಿಟ್ಟ ಜಾಗವನ್ನು ಇನ್ನೊಬ್ಬ ಹೇಗೆ ತುಂಬುತ್ತಾನೆ ಎಂಬ ಲೆಕ್ಕ ಹಿಂದಿನಿಂದ ಮಾತ್ರ ಕಾಣುತ್ತದೆ.

ಟಿವಿಯನ್ನು ಕೀಳಾಗಿ ಕಾಣಬಾರದು. ಅದರ ಮುಖ್ಯ ಕ್ಯಾಮೆರಾ ಬೇಸ್‌ಲೈನಿನ ಹಿಂದೆ, ಎತ್ತರದಲ್ಲಿ ಇರುವುದರಿಂದ ರ‍್ಯಾಲಿಯ ನಕ್ಷೆ, ಅಂದರೆ ಯಾರು ಯಾರನ್ನು ಯಾವ ಮೂಲೆಗೆ ಓಡಿಸುತ್ತಿದ್ದಾರೆ ಎಂಬುದು, ಮೈದಾನಕ್ಕಿಂತ ಚೆನ್ನಾಗಿ ತಿಳಿಯುತ್ತದೆ. ಆದರೆ ಅದೇ ಎತ್ತರದಿಂದಾಗಿ ಚೆಂಡಿನ ಕಮಾನು ಚಪ್ಪಟೆಯಾಗುತ್ತದೆ; ಭಾರವಾದ ಟಾಪ್‌ಸ್ಪಿನ್ನಿಗೂ ಸಾಧಾರಣ ಹೊಡೆತಕ್ಕೂ ಇರುವ ಅಂತರ ಅರ್ಧಕ್ಕರ್ಧ ಅಳಿಸಿಹೋಗುತ್ತದೆ. ಅದಕ್ಕಿಂತ ದೊಡ್ಡ ನಷ್ಟವೆಂದರೆ, ಎರಡು ಅಂಕಗಳ ನಡುವಿನ 25 ಸೆಕೆಂಡುಗಳನ್ನು ಮರುಪ್ರದರ್ಶನ ನುಂಗಿಬಿಡುತ್ತದೆ. ತಪ್ಪು ಹೊಡೆತದ ನಂತರ ಆಟಗಾರ ತೊಡೆ ಹಿಡಿದುಕೊಂಡನೇ, ಸರ್ವ್ ಮಾಡಲು ಅವಸರಪಟ್ಟನೇ, ಟವೆಲ್ಲಿನ ಬಳಿ ಹೆಚ್ಚು ಹೊತ್ತು ನಿಂತನೇ ಎಂಬ ಸಂಗತಿಗಳು ಆ ಬಿಡುವಿನಲ್ಲೇ ಇರುತ್ತವೆ. ಸಣ್ಣ ಪಂದ್ಯಾವಳಿಗಳನ್ನು ಒಂದೇ ಸ್ಥಿರ ಕ್ಯಾಮೆರಾದಲ್ಲಿ ನೇರವಾಗಿ ತೋರಿಸುವ ಪ್ರಸಾರಗಳು ಈ ಒಂದು ವಿಷಯದಲ್ಲಿ ದೊಡ್ಡ ಪ್ರಸಾರಗಳಿಗಿಂತ ಮೇಲು, ಏಕೆಂದರೆ ಅಲ್ಲಿ ಕ್ಯಾಮೆರಾ ಎತ್ತಲೂ ತಿರುಗುವುದಿಲ್ಲ.

ಗ್ಯಾಲರಿಯ ಮೇಲ್ತುದಿಯ ಸಾಲು ಟಿವಿಯ ನೋಟವನ್ನೇ ಟಿವಿಯ ಅನುಕೂಲಗಳಿಲ್ಲದೆ ಕೊಡುತ್ತದೆ. ಇನ್ನು ಅಭ್ಯಾಸದ ಅಂಗಳದ ಬಳಿ ನಿಂತು ನೋಡುವುದಾದರೆ, ಅಲ್ಲಿ ಎಲ್ಲರ ಫೋರ್‌ಹ್ಯಾಂಡೂ ಸೊಗಸಾಗಿಯೇ ಇರುತ್ತದೆ. ಗಾಯದಿಂದ ಮರಳಿದವರ ಸರ್ವ್ ಪೂರ್ತಿ ಬೀಸಿನಲ್ಲಿದೆಯೇ ಎಂದು ನೋಡುವುದಕ್ಕೆ ಬಿಟ್ಟರೆ ಅಲ್ಲಿಂದ ಹೆಚ್ಚೇನೂ ದಕ್ಕದು.

ಊರಿನ ಪಂದ್ಯಾವಳಿಯೋ, ಬೆಂಗಳೂರಿನದೋ ಎಂಬ ಪ್ರಶ್ನೆಗೆ ನನ್ನ ಉತ್ತರ ಕೆಲವರಿಗೆ ಅಚ್ಚರಿ ತರಬಹುದು. ಆಟದ ಮಟ್ಟ ಚಾಲೆಂಜರಿನಲ್ಲಿ ಖಂಡಿತ ಮೇಲಿದೆ. ಆದರೆ ಕೊರತೆಗಳನ್ನು ಗುರುತಿಸುವುದನ್ನು ಕಲಿಯಲು ನಮ್ಮ ಮೈಸೂರು, ಮಂಡ್ಯಗಳ ಅಂಗಳಗಳೇ ಉತ್ತಮ. ಇಲ್ಲಿ ಜಾಲರಿಗೆ ಮೂಗು ತಾಗುವಷ್ಟು ಹತ್ತಿರ ನಿಲ್ಲಬಹುದು. ಸೆಟ್ ಮುಗಿದಾಗ ಯಾರನ್ನೂ ಕೇಳದೆ ಜಾಗ ಬದಲಿಸಬಹುದು. ಆಟಗಾರರ ದೌರ್ಬಲ್ಯಗಳು ಇನ್ನೂ ಮುಚ್ಚಿಕೊಂಡಿರುವುದಿಲ್ಲ. 2025ರಿಂದ ಅಂಗಳದ ಹೊರಗಿನಿಂದ ತರಬೇತುದಾರರು ಸಲಹೆ ಕೊಡಲು ನಿಯಮದಲ್ಲೇ ಅವಕಾಶವಿರುವುದರಿಂದ, ಅವರ ಸಮೀಪ ನಿಂತವರಿಗೆ ಆಟಗಾರನ ಬಗ್ಗೆ ಅವರ ಆತಂಕವೇನು ಎಂಬುದೂ ಕಿವಿಗೆ ಬೀಳುತ್ತದೆ.

ಎಲ್ಲಿ ನೋಡಿದರೂ ಎರಡು ವಿಷಯಗಳಿಗೆ ರಿಯಾಯಿತಿ ಕೊಡಬೇಕು. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ, ಮೈಸೂರು 700 ಮೀಟರಿಗೂ ಮೇಲಿದೆ. ತೆಳುವಾದ ಗಾಳಿಯಲ್ಲಿ ಚೆಂಡಿಗೆ ತಡೆ ಕಡಿಮೆಯಾಗಿ ಅದು ನಿರೀಕ್ಷೆಗಿಂತ ದೂರ ಹಾರುತ್ತದೆ. ಕರಾವಳಿಯ ಊರಿನಿಂದ ಬಂದವರು ಮೊದಲ ಸುತ್ತಿನಲ್ಲಿ ಫೋರ್‌ಹ್ಯಾಂಡುಗಳನ್ನು ಗೆರೆಯಾಚೆ ಹೊಡೆದರೆ ಅದನ್ನು ಕೂಡಲೇ ಅವರ ದೌರ್ಬಲ್ಯದ ಖಾತೆಗೆ ಬರೆಯಬಾರದು. ಇನ್ನೊಂದು ಬಿಸಿಲು. ಅಂಗಳಗಳನ್ನು ಸಾಮಾನ್ಯವಾಗಿ ಉತ್ತರ-ದಕ್ಷಿಣವಾಗಿ ಹಾಸಿರುತ್ತಾರೆ. ಚಳಿಗಾಲದ ತಿಂಗಳುಗಳಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ಆದ್ದರಿಂದ ದಕ್ಷಿಣದ ಬೇಸ್‌ಲೈನಿನ ಹಿಂದೆ ಕುಳಿತರೆ ಬಿಸಿಲು ನಮ್ಮ ಬೆನ್ನಿಗೆ ಬೀಳುತ್ತದೆ, ಉತ್ತರದ ತುದಿಯಿಂದ ಸರ್ವ್ ಮಾಡುವವನ ಕಣ್ಣಿಗೆ ಬೀಳುತ್ತದೆ. ಡಬಲ್ ಫಾಲ್ಟುಗಳನ್ನು (ಎರಡೂ ಸರ್ವ್ ತಪ್ಪಿ ಅಂಕ ಹೋಗುವುದನ್ನು) ಬರೆದುಕೊಳ್ಳುವಾಗ ಯಾವ ತುದಿಯಿಂದ ಎಂಬುದನ್ನೂ ಜೊತೆಗೇ ಬರೆದುಕೊಳ್ಳಿ. ಉತ್ತರದಿಂದ ಮಾತ್ರ ಬಂದಿದ್ದರೆ ಅದು ಬಿಸಿಲಿನ ಕೆಲಸ, ಎರಡೂ ತುದಿಗಳಿಂದ ಬಂದಿದ್ದರೆ ಅದು ಆಟಗಾರನದೇ.